ಬಲಗಡೆ ರೆಕ್ಕೆ

ಜುಲೈ 14, 1981. ಮಂಗಳವಾರ

ಅಂಗಡಿಗೆ ಗಿರಾಕಿ ಇಲ್ಲ. ಮಳೆ. ಎರಡು ರೇಡಿಯೋ ಹೊಟ್ಟೆ ಬಿಚ್ಚಿಕೊಂಡು ಮೇಜಿನ ಮೇಲೆ ಬಿದ್ದಿವೆ. ಬಿದ್ದಿರಲಿ. ಮಾಡೆಲ್ ವಿಮಾನದ ರೆಕ್ಕೆಗೆ ಏಳು ರಿಬ್ ಕೊಯ್ದೆ, ರೆಕ್ಕೆಯ ಪಕ್ಕೆಲುಬು. ಎಂಟನೇದು ಮೂತಿ ಹತ್ರ ಸೀಳಿತು. ಮುರಿಕ್ಕಿನ ಮರ ಒಂಚೂರು ಹಸಿ ಇದ್ರೂ ಹೀಗೇ. ಮೆಣಸಿನ ಬಳ್ಳಿ ಹಬ್ಬಿಸೋಕೆ ನೆಟ್ಟ ಮರ, ವಿಮಾನಕ್ಕೆ ಅಂತ ಬೆಳೆದಿದ್ದಲ್ಲ ಪಾಪ. ಒಲೆ ಮೇಲಿನ ಅಟ್ಟದಲ್ಲಿ ಒಣಗಿಸಿದ್ರೆ ಹಗುರ ಆಗುತ್ತೆ. ಮನೆಯವಳು ಲೀಲ ಬೈತಾಳೆ. ಅಟ್ಟದ ಮೇಲೆ ಹುಳಿ ಒಣಗಿಸೋಕೆ ಜಾಗ ಇಲ್ಲ, ನಿಮ್ಮ ಚಕ್ಕೆಗಳದ್ದೇ ಸಂಸಾರ ಅಂತ.

ಸಂಜೆ ಗೋವಿಂದ ಬಂದ. ರಿಬ್ ಎಲ್ಲ ಎರಡು ಸೈಕಲ್ ಕಡ್ಡಿಗೆ ಪೋಣಿಸಿ ಒಟ್ಟಿಗೆ ಅರದಲ್ಲಿ ಉಜ್ಜು, ಬುಡದಿಂದ ತುದಿಗೆ ಇಳಿಜಾರು ತಾನಾಗೇ ಬರುತ್ತೆ ಅಂದ. ಉಜ್ಜಿದೆ. ಬಂತು. ಹದಿನೈದು ವರ್ಷ ಏರ್ ಫೋರ್ಸಲ್ಲಿ ವಿಮಾನದ ಮೈ ರಿಪೇರಿ ಮಾಡಿದ ಮನುಷ್ಯ, ಸುಮ್ನೆ ಹೇಳ್ತಾನಾ. ಬಲಭುಜ ಕೆಟ್ಟು ಊರಿಗೆ ಬಂದ. ಅವನು ಮೊದಲು ಕೈ ಹಚ್ಚಿದ್ದು ಎಚ್.ಟಿ.-2 ಅನ್ನೋ ತರಬೇತಿ ವಿಮಾನ, ಅದನ್ನೇ ನಾಲ್ಕಡಿ ಅಗಲಕ್ಕೆ ಇಳಿಸಿ ಕಟ್ತಾ ಇದ್ದೀವಿ. ಮೈ ಅವನದು. ರೆಕ್ಕೆ ಎರಡೂ ನನ್ನವು. ನವೆಂಬರ್ ಒಂದಕ್ಕೆ ನಮ್ಮ ಹೊಸ ಜಿಲ್ಲೆಗೆ ಒಂದು ವರ್ಷ ತುಂಬುತ್ತೆ, ಕಲ್ಪೆಟ್ಟೆಯಲ್ಲಿ ಪ್ರದರ್ಶನ. ಅಲ್ಲಿ ಹಾರಿಸೋದು. ಗೋವಿಂದನ ಕೈ ಹೆಗಲಿನ ಮೇಲೆ ಏಳಲ್ಲ. ಹಾಗಾಗಿ ಕೈಯಿಂದ ಬಿಡೋದು ನಾನೇ. ಇನ್ಯಾರು? ಚಿಕ್ಕಂದಿನಲ್ಲೂ ಅಷ್ಟೇ, ಗಾಳಿಪಟ ಅವನು ಕಟ್ಟೋದು, ನಾನು ಬಿಡೋದು.

ಇದನ್ನೆಲ್ಲ ಮಲಯಾಳದಲ್ಲಿ ಬರೆದ್ರೆ ಅಂಗಡಿಗೆ ಬಂದೋರೆಲ್ಲ ಓದ್ತಾರೆ. ಕನ್ನಡ ಮಾತಾಡೋರು ಇದ್ದಾರೆ, ಓದೋರು ಇಲ್ಲ. ಲೀಲ ಗಡಿಯಾಚೆ ಕುಟ್ಟದವಳು, ಓದಬಲ್ಲಳು. ಓದಲಿ.

ಜುಲೈ 19, ಭಾನುವಾರ

ಗೋವಿಂದ ಬಂದ. ಜತೆಗೆ ಇನ್ನೊಬ್ಬ.

ಹೆಸರು ವಿಜಯನ್. ಕೆಳಗೆ ಕಡಲಕರೆ, ವಡಗರೆ ಕಡೆಯೋನು. ನಮ್ಮ ಜಂಕ್ಷನ್ನಿನ ಬ್ಯಾಂಕಿಗೆ ಹೊಸ ಕ್ಲರ್ಕ್, ಚಾಯದಂಗಡಿ ಮೇಲಿನ ರೂಮಲ್ಲಿ ಇದ್ದಾನಂತೆ. ಇಪ್ಪತ್ತೇಳು ಇಪ್ಪತ್ತೆಂಟು ಇರಬೇಕು. ಬೆಲ್‌ಬಾಟಂ ಪ್ಯಾಂಟು ಮೊಣಕಾಲುತನಕ ಕೆಸರು, ಆದ್ರೂ ನಗು. ಕಾಲೇಜಲ್ಲಿ ಎನ್.ಸಿ.ಸಿ. ಏರ್ ವಿಂಗಂತೆ, ಮಾಡೆಲ್ ಮಾಡಿ ಬಹುಮಾನ ತಗೊಂಡಿದ್ದಾನಂತೆ. ಚೀಲದಿಂದ ಹಲಗೆ ತೆಗೆದು ನನ್ನ ಮೇಜಿನ ಮೇಲೆ ಇಟ್ಟ. ಬಾಲ್ಸಾ ಮರ, ಮಾಡೆಲ್ ಮಾಡೋರ ಚಿನ್ನ. ಹೆಸರು ಕೇಳಿದ್ದೆ, ಮುಟ್ಟಿರಲಿಲ್ಲ. ಎತ್ತಿದೆ. ಕೈಯಲ್ಲಿ ಏನೂ ಇಲ್ಲದ ಹಾಗೆ ಇತ್ತು.

ಗೋವಿಂದ ಗಂಟಲು ಸರಿಮಾಡಿಕೊಂಡ. "ಕುಮಾರಾ, ಎಡಗಡೆ ರೆಕ್ಕೆ ಇವನು ಮಾಡಲಿ. ನೀನು ಬಲಗಡೆ. ಒಬ್ಬನಿಂದ ಎರಡೂ ನವೆಂಬರ್ ಒಳಗೆ ಆಗಲ್ಲ ಮಾರಾಯ."

ಶರಿ ಅಂದೆ. ಏನು ಶರಿ, ಮಣ್ಣು. ಆಗಲ್ಲ ಅಂತ ನಾನು ಹೇಳಿದ್ನಾ?

ಆ ಹುಡುಗ ನನ್ನ ರಿಬ್ ತಿರುಗಿಸಿ ತಿರುಗಿಸಿ ನೋಡಿದ. "ಕುಮಾರೇಟ್ಟಾ, ಇದು ಮುರಿಕ್ಕಲ್ಲವೇ? ಮುರಿಕ್ಕಿನಲ್ಲಿ ಇಷ್ಟು ತೆಳು ಬರುತ್ತೆ ಅಂತ ಗೊತ್ತೇ ಇರಲಿಲ್ಲ." ಮೊದಲ ದಿನವೇ ಏಟ್ಟ, ಅಂದ್ರೆ ಅಣ್ಣ! ಹೊಗಳಿದ್ದೋ, ಆಡಿಕೊಂಡಿದ್ದೋ. ಅವನ ಮುಖ ನೋಡಿದ್ರೆ ಹೊಗಳಿದ್ದೇ. ಅದೇ ಇನ್ನೂ ಉರಿ.

ಅವರು ಹೋದ ಮೇಲೆ ಗಂಜಿ ಬಡಿಸ್ತಾ ಲೀಲ ಕೇಳಿದಳು: "ಏನು, ಸವತಿ ಬಂದಳಾ ನಿಮಗೆ?" ಉಪ್ಪು ಕಮ್ಮಿ ಅಂದೆ. ಕಮ್ಮಿ ಇರಲಿಲ್ಲ.

ಆಗಸ್ಟ್ 2, ಭಾನುವಾರ

ಗೋವಿಂದನ ಕೊಡೆ ಚಾಯದಂಗಡಿ ಮೇಲಿನ ಕಟಕಟೆಯಲ್ಲಿ ನೇತಾಡ್ತಾ ಇತ್ತು. ಮೊನ್ನೆಯೂ. ಅದರ ಹಿಂದಿನ ದಿನವೂ. ಹಿಡಿಗೆ ಕೆಂಪು ದಾರ ಸುತ್ತಿದ ಕೊಡೆ, ದೂರದಿಂದಲೇ ಗೊತ್ತಾಗುತ್ತೆ. ದಾರ ಸುತ್ತಿದವನು ನಾನೇ.

ಅಲ್ಲಿಗೆ ಹೋಗಬೇಕಾದ್ರೆ ನನ್ನ ಅಂಗಡಿ ಮುಂದೆ ಹಾಯ್ದೇ ಹೋಗಬೇಕು. ಹಾಯ್ತಾನೆ. "ಏನ್ಲಾ, ಹೇಗೆ ನಡೀತಾ ಇದೆ?" ಅಂತಾನೆ. ನಿಲ್ಲಲ್ಲ. ಮೊದಲು ದಿನಾ ನನ್ನ ಸ್ಟೂಲಲ್ಲಿ ಕೂತು ಹಾಲಿಲ್ಲದ ಕಟ್ಟನ್ ಚಾಯ ಕುಡಿದು, ಅರ್ಧ ಗಂಟೆ ಏರ್ ಫೋರ್ಸ್ ಕಥೆ ಹೇಳಿದ್ರೇ ಸಮಾಧಾನ. ಕೇಳಿದ ಕಥೆಗಳೇ. ಬೇಜಾರು ಬರ್ತಾ ಇತ್ತು. ಈಗ ಅದೇ ಕಥೆ ಆ ಹುಡುಗ ಹೊಸದಾಗಿ ಕೇಳ್ತಾ ಇರ್ತಾನೆ, ಬಾಯಿ ಬಿಟ್ಕೊಂಡು. ನನ್ನ ಕಥೆಗಳು ಅವು.

ಸ್ಪಾರ್ ಕೂರಿಸಿದೆ. ರೆಕ್ಕೆ ಉದ್ದಕ್ಕೂ ರಿಬ್‌ಗಳ ನಡುವೆ ಹಾಯೋ ಪಟ್ಟಿ ಅದು, ರೆಕ್ಕೆಯ ಬೆನ್ನುಮೂಳೆ. ಚೆನ್ನಾಗಿ ಕೂತಿದೆ. ತೋರಿಸೋಕೆ ಯಾರೂ ಇಲ್ಲ.

ಆಗಸ್ಟ್ 20, ಗುರುವಾರ

ಗೋವಿಂದ ಅಕ್ಕಸಾಲಿಯ ತಕ್ಕಡಿ ತಂದಿದ್ದ. ರೆಕ್ಕೆ ತೂಗಿದ. ಇನ್ನೂ ಪೇಪರ್ ಹಚ್ಚಿಲ್ಲ, ಬರೀ ಅಸ್ಥಿಪಂಜರ. ನೋಡಿ "ಹೂಂ" ಅಂದ.

"ಜಾಸ್ತಿಯಾ?"

"ಇರಲಿ ಬಿಡು. ಗಟ್ಟಿ ಇದೆ, ಅದು ಮುಖ್ಯ."

ತಕ್ಕಡಿ ಕಂಕುಳಲ್ಲಿ ಇಟ್ಕೊಂಡು ಸೀದಾ ಚಾಯದಂಗಡಿ ಕಡೆ. ಇರಲಿ ಬಿಡು ಅಂತೆ. ಹೆಣ್ಣು ನೋಡೋಕೆ ಬಂದೋರು ಹೀಗೆ ಹೇಳ್ತಾರೆ.

ಆಗಸ್ಟ್ 21

ನಾಚಿಕೆ ಬಿಟ್ಟು ವಿಜಯನ್ ರೂಮಿಗೆ ಹೋದೆ. ನೆಪ ಇತ್ತು. ಅವನ ಟ್ರಾನ್ಸಿಸ್ಟರ್ ಕರಕರ ಅಂತದೆ ಅಂದಿದ್ದ. ಮೆಟ್ಟಿಲು ಹತ್ತಿದೆ. ಅವನು ಚಾಯ ಹೇಳೋಕೆ ಕೆಳಗೆ ಇಳಿದ. ಮಂಚದ ಮೇಲೆ ಎಡಗಡೆ ರೆಕ್ಕೆ.

ಎತ್ತಿದೆ.

ದೇವರೇ. ನನ್ನದರ ಮುಂದೆ ಇದು ಹಕ್ಕಿ, ನನ್ನದು ಹಲಗೆ. ಒಂದು ರಿಬ್ಬೂ ಓರೆ ಇಲ್ಲ. ಅಂಟು ಎಲ್ಲಿ ಹಾಕಿದ್ದಾನೆ ಅಂತ ಗೊತ್ತಾಗಲ್ಲ. ಒಂದು ಕ್ಷಣ ಹೆಬ್ಬೆರಳು ರಿಬ್ ಮೇಲೆ ಇತ್ತು. ಒತ್ತಿದ್ರೆ ಸಾಕಿತ್ತು. ಒತ್ತಲಿಲ್ಲ. ಒಳ್ಳೆತನಕ್ಕಲ್ಲ, ಮೆಟ್ಟಿಲಲ್ಲಿ ಅವನ ಚಪ್ಪಲಿ ಸದ್ದು ಕೇಳಿತು.

ಚಾಯಕ್ಕೆ ಸಕ್ಕರೆ ಜಾಸ್ತಿ ಹಾಕಿಸಿದ್ದ. ಕುಮಾರೇಟ್ಟನಿಗೆ ಮಧುರ ಇಷ್ಟ ಅಂತ ಗೋವಿಂದೇಟ್ಟನ್ ಹೇಳಿದ್ರು ಅಂದ. ನನ್ನ ಬಗ್ಗೆ ಅವರಿಬ್ಬರೂ ಮಾತಾಡ್ತಾರೆ.

ಸೆಪ್ಟೆಂಬರ್ 6, ಭಾನುವಾರ

ಹೆರೀತಾ ಇದ್ದೀನಿ. ಬ್ಲೇಡು, ಒಡೆದ ಗಾಜು, ಉಪ್ಪುಕಾಗದ. ಪ್ರತಿ ರಿಬ್ಬಿಗೂ ನಡುವೆ ತೂತು. ತೂತಿನ ಪಕ್ಕ ಇನ್ನೊಂದು. ಅಕ್ಕಸಾಲಿ ಹತ್ರ ನಾನೇ ಹೋಗಿ ತೂಗಿಸಿದೆ. ಇನ್ನೂ ಬಾಲ್ಸಾ ಆಗಿಲ್ಲ.

ಗೋವಿಂದ ಅಂಗಡಿ ಮುಂದೆ ನಿಂತ. ಅಪರೂಪಕ್ಕೆ. ಉದುರಿದ ಪುಡಿ ನೋಡಿದ. "ರಿಬ್ ಎಷ್ಟಾದ್ರೂ ತೆಳು ಮಾಡು. ಸ್ಪಾರ್ ಮುಟ್ಟಬೇಡ. ಗಾಳಿ ಎತ್ತೋದು ರೆಕ್ಕೆನ, ತಡೆಯೋದು ಸ್ಪಾರು."

"ಗೊತ್ತು."

"ನಿನಗೆ ಗೊತ್ತಿಲ್ದೆ ಏನು. ಆದ್ರೂ ಹೇಳ್ತೀನಿ." ಹೋದ. ಎಲ್ಲಿಗೆ ಅಂತ ನೋಡಲಿಲ್ಲ. ನೋಡಿದೆ. ಅಲ್ಲಿಗೇ.

ಸೆಪ್ಟೆಂಬರ್ 20, ಭಾನುವಾರ

ಓಣಂ ಕಳೀತು. ಗೋವಿಂದನ ಮನೆ ಊಟಕ್ಕೆ ಹೋಗಿದ್ವಿ. ಎಲೆ ಹಾಕುವಾಗ ಗೋವಿಂದನ ಪಕ್ಕ ಆ ಹುಡುಗ. ಗೋವಿಂದ ಊರಿಗೆ ಮರಳಿದಾಗಿನಿಂದ ಆ ಜಾಗ ನನ್ನದು. ನನ್ನನ್ನ ಅವನ ಎದುರಿಗೆ ಕೂರಿಸಿದ್ರು, ಮರ್ಯಾದೆ ಅಂತೆ. ಪಾಯಸ ಎರಡು ಸಲ ಬಡಿಸಿಕೊಂಡೆ. ರುಚಿ ನೆನಪಿಲ್ಲ.

ಸ್ಪಾರ್ ಮುಟ್ಟಿದೆ.

ಬರೆದುಬಿಟ್ಟೆ. ಮುಟ್ಟಿದ್ದಲ್ಲ, ಅರ್ಧಕ್ಕೆ ಅರ್ಧ ಹೆರೆದೆ. ಕೈಯಲ್ಲಿ ಎತ್ತಿದ್ರೆ, ವಿಜಯನ್ ಮಂಚದ ಮೇಲಿಂದ ಎತ್ತಿ ನೋಡಿದ್ನಲ್ಲ, ಅದರಷ್ಟೇ ಹಗುರ. ಕೂಡಲೇ ಗಾಳಿಪಟದ ಪೇಪರ್ ಹಚ್ಚಿ, ನೀರು ಚಿಮುಕಿಸಿ ಒಲೆ ಹತ್ರ ಒಣಗಿಸಿದೆ. ತಮಟೆ ಹಾಗೆ ಬಿಗಿ ಆಯ್ತು. ಈಗ ಒಳಗೆ ಏನಿದೆ ಅಂತ ಯಾರಿಗೂ ಕಾಣಲ್ಲ.

ಅಕ್ಟೋಬರ್ 18, ಭಾನುವಾರ

ಜೋಡಿಸೋ ದಿನ. ಗೋವಿಂದನ ಜಗಲಿ. ಮೈ ಹಳದಿ ಬಣ್ಣದಲ್ಲಿ ಫಳಫಳ. ರೆಕ್ಕೆ ಎರಡೂ ಕಳಚೋ ಹಾಗಿವೆ, ಬಸ್ಸಲ್ಲಿ ಒಯ್ಯಬೇಕಲ್ಲ. ಸಿಕ್ಕಿಸಿದ್ವಿ. ಗೋವಿಂದ ಮೂತಿ ಒಂದು ಬೆರಳ ಮೇಲೆ, ಬಾಲ ಒಂದು ಬೆರಳ ಮೇಲೆ ಇಟ್ಟು ಎತ್ತಿದ. ರೆಕ್ಕೆ ಸಮ ಇದ್ರೆ ಹಾಗೇ ನಿಲ್ಲುತ್ತೆ.

ಎಡಗಡೆ ಧೊಪ್ಪನೆ ಬಿತ್ತು. ನನ್ನದು ಆಕಾಶಕ್ಕೆ.

ಒಳಗೊಳಗೇ ಕುಣಿದುಬಿಟ್ಟೆ. ಬಾಲ್ಸಾ ಸೋತಿತು. ಮುಖದಲ್ಲಿ ಏನೂ ತೋರಿಸಲಿಲ್ಲ ಅಂದ್ಕೊಂಡಿದ್ದೀನಿ. ಬಾಗಿಲಲ್ಲಿ ನಿಂತ ಲೀಲ ತುಟಿ ಕಚ್ಚಿ ಬೇರೆ ಕಡೆ ನೋಡಿದಳು.

ಗೋವಿಂದ ಹುಬ್ಬು ಗಂಟಿಕ್ಕಿ ನನ್ನ ಕಡೆ ತಿರುಗಿದ. "ಇಷ್ಟು ಹೇಗೆ ಇಳಿಸಿದೆ? ಸ್ಪಾರ್ ಮುಟ್ಟಿಲ್ಲ ತಾನೇ?"

"ಇಲ್ಲ."

ಅಷ್ಟರಲ್ಲಿ ವಿಜಯನ್ ಜೇಬಿಂದ ಬ್ಲೇಡ್ ತೆಗೆದು ತನ್ನ ರೆಕ್ಕೆ ತುದಿಯ ಪೇಪರ್ ಸೀಳಿದ. ಒಳಗಿಂದ ಸೀಸದ ಗುಂಡು ಒಂದೊಂದೇ ಬಿಡಿಸಿ ತೆಗೆದ. ಮೀನಿನ ಬಲೆಗೆ ಕಟ್ಟೋ ಗುಂಡು, ಅವನ ಊರಿಂದು. ಇದೇನು ಅಂದೆ.

"ಕುಮಾರೇಟ್ಟನ ರೆಕ್ಕೆ ಸ್ವಲ್ಪ ಭಾರ ಅಂತ ಗೋವಿಂದೇಟ್ಟನ್ ಅಂದ್ರು ಆವತ್ತು. ಸಮ ಆಗಲಿ ಅಂತ ನನ್ನದಕ್ಕೆ ಹಾಕಿದ್ದೆ. ಇನ್ನು ಬೇಡ."

ಮತ್ತೆ ಎತ್ತಿದ್ರೆ ಸಮ. ನೂಲು ಹಿಡಿದ ಹಾಗೆ ನಿಂತಿತು. ಗೋವಿಂದ ನನ್ನ ಬೆನ್ನಿಗೆ ಗುದ್ದಿದ, ಒಳ್ಳೇ ಕೈಯಿಂದ. "ಮೆಣಸಿನ ಕಂಬದಲ್ಲಿ ಬಾಲ್ಸಾ ಮಾಡಿಬಿಟ್ಟ ನೋಡು ನನ್ಮಗ. ಕಲ್ಪೆಟ್ಟೆಯಲ್ಲಿ ಬಿಡೋದು ನೀನೇ." ವಿಜಯನ್ ಚಪ್ಪಾಳೆ ತಟ್ಟಿದ.

ಸೀಸದ ಗುಂಡು ಜಗಲಿ ಮೇಲೇ ಇದ್ದವು. ಬೆಂಕಿಪೊಟ್ಟಣಕ್ಕೆ ತುಂಬಿ ಮನೆಗೆ ತಂದೆ. ಗೆದ್ದಿದ್ದಕ್ಕೆ ಗುರುತು.

ಅಕ್ಟೋಬರ್ 19

ಬೇಕಿದ್ದೆಲ್ಲ ಸಿಕ್ಕಿತು. ಖುಷಿ ಎಲ್ಲಿ?

ಯೋಚನೆ ಮಾಡಿದ್ರೆ ಮೈ ಉರಿಯುತ್ತೆ. ಅಷ್ಟು ಚೆಂದದ ರೆಕ್ಕೆಗೆ ತಾನಾಗಿ ಭಾರ ಹಾಕಿಕೊಂಡ. ನನಗೆ ಹೇಳಲೂ ಇಲ್ಲ. ಹೇಳಿದ್ರೆ ನನಗೆ ಬೇಜಾರಾಗುತ್ತೆ ಅಂತ. ಒಳ್ಳೆಯವನಾಗೋದ್ರಲ್ಲೂ ಅವನೇ ಮೊದಲು ಬರಬೇಕಾ?

ಅಕ್ಟೋಬರ್ 25, ಭಾನುವಾರ

ಶಾಲೆ ಮೈದಾನದಲ್ಲಿ ಪರೀಕ್ಷೆ. ಪ್ರೊಪೆಲರ್ ತಿರುಗಿಸೋ ರಬ್ಬರ್ ತಿರುಚಲಿಲ್ಲ, ಬರೀ ಮೆಲ್ಲಗೆ ತಳ್ಳಿ ತೇಲಿಸೋದು. ನಾನೇ ಬಿಟ್ಟೆ. ತೇಲಿತು… ಏನು ಹೇಳಲಿ, ಹುಲ್ಲಿನ ಮೇಲೆ ನೆರಳು ಹರಿದ ಹಾಗೆ ಹೋಗಿ ಇಳಿಯಿತು. ಗೋವಿಂದ ಕರ್ಚೀಫು ತೆಗೆದು ಕನ್ನಡಕ ಒರೆಸಿದ. ಮತ್ತೆ ಒರೆಸಿದ.

ಎತ್ತಿಕೊಳ್ಳೋಕೆ ಹೋದವನು ನಾನು. ಬಲಗಡೆ ರೆಕ್ಕೆಗೆ ಕೈ ಕೊಟ್ಟೆ. ಕಿರ್ ಅಂತು. ಸಣ್ಣಗೆ, ಬುಡದಲ್ಲಿ. ಅವರಿಗೆ ಕೇಳಿಸಲಿಲ್ಲ.

ಮೆಲ್ಲಗೆ ತಳ್ಳಿದ್ದಕ್ಕೇ ಹೀಗೆ. ಕಲ್ಪೆಟ್ಟೆಯಲ್ಲಿ ರಬ್ಬರ್ ಪೂರ್ತಿ ತಿರುಚಿ, ಗಾಳಿಗೆ ಎದುರಾಗಿ ಎಸೀಬೇಕು. ಜಿಲ್ಲೆಯ ಜನವೆಲ್ಲ ನೋಡ್ತಾ ಇರ್ತಾರೆ. ಗೋವಿಂದ ನೋಡ್ತಾ ಇರ್ತಾನೆ.

ಅಕ್ಟೋಬರ್ 27

ಗೋವಿಂದ ಬಂದು ಸ್ಟೂಲಲ್ಲಿ ಕೂತ. ಚಾಯ ಕುಡಿದ. ಹಳೇ ಕಥೆ ಹೇಳಿದ, ಹೊಸ ಪೈಲಟ್ ರನ್‌ವೇಯಲ್ಲಿ ದನ ಕಂಡು ಹೆದರಿದ್ದು. ಎಷ್ಟೋ ತಿಂಗಳಾಗಿತ್ತು. ಪೂರ್ತಿ ಕೇಳಿದೆ. ಎದ್ದು ಹೋಗುವಾಗ ಅಂದ: "ನಾನೇ ಕೈಯಿಂದ ಬಿಟ್ಟ ಹಾಗೆ ಕಣೋ ನೀನು ಬಿಟ್ರೆ."

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ.

ಅಕ್ಟೋಬರ್ 29, ಗುರುವಾರ

ಅಂಗಡಿ ಮುಚ್ಚಿದೆ. ಮೈಯಿಂದ ಕಳಚಿ ತಂದಿದ್ದ ನನ್ನ ರೆಕ್ಕೆಯ ಪೇಪರ್ ಕೊಯ್ದೆ. ಸ್ಪಾರ್ ಮೇಲೆ ಹೆಬ್ಬೆರಳಿಟ್ಟು ಒತ್ತಿದೆ, ಜೋರಾಗಿ ಅಲ್ಲ. ಮುರೀತು. ಹಪ್ಪಳ.

ಲೀಲ ಪಕ್ಕದಲ್ಲಿ ನಿಂತಿದ್ದಳು. ಅಟ್ಟದಿಂದ ಒಂದು ಚಕ್ಕೆ ತೆಗೆದು ಕೊಟ್ಟಳು. "ಇದು ಜೂನ್‌ದು. ಚೆನ್ನಾಗಿ ಒಣಗಿದೆ." ಯಾವುದು ಯಾವಾಗಿಂದು ಅಂತ ಅವಳಿಗೆ ಗೊತ್ತು. ಇಷ್ಟು ದಿನ ಬೈದುಕೊಂಡೇ ಎತ್ತಿಡ್ತಾ ಇದ್ದಳು.

ಹೊಸ ಸ್ಪಾರ್. ಹೆರೆಯಲಿಲ್ಲ. ಒಡೆದ ರಿಬ್‌ಗಳಿಗೆ ಪಟ್ಟಿ ಕೊಟ್ಟೆ. ಪೇಪರ್ ಹಚ್ಚಿದೆ. ಈಗ ನಾನೇ ಹಿಡಿದು ಜಗ್ಗಿದ್ರೂ ಕಿರ್ ಅನ್ನಲ್ಲ.

ಅಕ್ಟೋಬರ್ 30, ಶುಕ್ರವಾರ. ಸಂಜೆ

ಅಕ್ಕಸಾಲಿಯ ತಕ್ಕಡಿಯಲ್ಲಿ ಇಟ್ಟೆ. ಮೊದಲಿದ್ದಷ್ಟೇ. ಮತ್ತೆ ಹಲಗೆ. ಹೀಗೇ ಸಿಕ್ಕಿಸಿದ್ರೆ ಬಲಗಡೆ ವಾಲಿ ಮೂತಿ ನೆಲಕ್ಕೆ. ನನ್ನದಕ್ಕೆ ಏನು ಮಾಡಿದ್ರೂ ಇಳಿಯಲ್ಲ. ಇಳಿಸೋ ಬುದ್ಧಿ ಒಂದು ಸಲ ಮಾಡಿ ಆಯ್ತು.

ದಾರಿ ಒಂದೇ. ಬೆಂಕಿಪೊಟ್ಟಣ ಮೇಜಿನ ಮೇಲಿದೆ. ಅಲ್ಲಾಡಿಸಿದೆ, ಗುಂಡು ಎಲ್ಲ ಇವೆ.

ಗೋವಿಂದನಿಗೂ ಹೇಳಬೇಕು, ಸುಳ್ಳು ಹೇಳಿದೆ ಅಂತ. ಅವನು ಬೈತಾನೆ. ಬೈದ್ರೆ ತಡ್ಕೋತೀನಿ, ನಾಲ್ಕನೇ ಕ್ಲಾಸಿಂದ ತಡ್ಕೊಂಡು ಬಂದಿದ್ದೀನಿ. ವಿಮಾನ ಕೈಯಿಂದ ಬಿಡೋದು ವಿಜಯನೇ ಬಿಡಲಿ ಅಂತ ಬರೆಯೋಕೆ ಹೊರಟೆ. ಇಲ್ಲ, ಬರೆಯಲ್ಲ. ಅಷ್ಟು ದೊಡ್ಡ ಮನುಷ್ಯ ನಾನಲ್ಲ. ನನಗೇ ಬೇಕು ಅದು, ಈಗಲೂ.

ಆದ್ರೆ ಮೊದಲು ಆ ಮೆಟ್ಟಿಲು ಹತ್ತಬೇಕು. ಆವತ್ತು ಯಾರೂ ಕೇಳದೇ ಹಾಕಿಕೊಂಡಿದ್ದ. ಇವತ್ತು ನಾನು ಕೇಳಬೇಕು. ಅದೇ ಗಂಟಲಲ್ಲಿ ಇಳಿಯಲ್ಲ. ನೆಪಕ್ಕೆ ಅವನ ಟ್ರಾನ್ಸಿಸ್ಟರ್ ಕೂಡ ಇಲ್ಲ, ಎಂದೋ ರಿಪೇರಿ ಮಾಡಿ ಕೊಟ್ಟಾಯ್ತು.

ಲೀಲ ಟಾರ್ಚು ತಂದಿಟ್ಟಳು. ಚಾಯದಂಗಡಿ ಮೇಲೆ ಲೈಟ್ ಇದೆ. ಕಟಕಟೆಯಲ್ಲಿ ಕೊಡೆ ಇಲ್ಲ, ಅವನೊಬ್ಬನೇ. ಏನಂತ ಶುರು ಮಾಡಲಿ? ವಿಜಯಾ, ನಿನ್ನ ರೆಕ್ಕೆಗೆ ಈ ಭಾರ ಮತ್ತೆ —