ಕಡಲೂ ಮಂಜೂ ಒಂದೇ ಕಪ್ಪು

ಸ್ಟೋನಿಂಗ್ಟನ್, ಮೇನ್
೧೮ ಸೆಪ್ಟೆಂಬರ್ ೧೯೬೬

ಪ್ರೀತಿಯ ಮೆರಿಲ್,

ನಿನ್ನ ಕಾಗದ ಬಂತು, ಜೊತೆಗೆ ಆ ಫೋಟೋ ಕೂಡ. ಅದನ್ನು ಯಾಕೆ ಕಳಿಸಿದೆ ಮಾರಾಯ? ನನ್ನ ತಮ್ಮ ಎಲ್ಲಿ ಸತ್ತ ಎಂದು ತಿಳಿಯಲು ನನಗೆ ಉಪಗ್ರಹದ ಚಿತ್ರ ಬೇಕೆ?

ನೀನು ವಿವರಿಸಿದ್ದೆಲ್ಲ ಅರ್ಥವಾಗಿದೆ. ನಿಮ್ಮ ಉಪಗ್ರಹದ ಅವಕೆಂಪು ಯಂತ್ರ ರಾತ್ರಿಯಲ್ಲಿ ನೋಡುವುದು ಬೆಳಕನ್ನಲ್ಲ, ಕಾವನ್ನು. ಎತ್ತರದ ಮೋಡ ತಣ್ಣಗಿರುವುದರಿಂದ ಬೆಳ್ಳಗೆ ಬೀಳುತ್ತದೆ, ಬೆಚ್ಚಗಿನ ಕಡಲು ಕರ್ರಗೆ. ನೀರಿಗೆ ಅಂಟಿಕೊಂಡ ಮಂಜು ಹೆಚ್ಚುಕಡಿಮೆ ನೀರಿನಷ್ಟೇ ಬೆಚ್ಚಗಿರುತ್ತದೆ, ಹಾಗಾಗಿ ಅದೂ ಕರ್ರಗೆ, ಬರೀ ಕಡಲಿನಂತೆಯೇ ಕಾಣುತ್ತದೆ. ನಿಮಗೆಲ್ಲ ಇದು ಹೊಸದು, ಇನ್ನೂ ಕಲಿಯುತ್ತಿದ್ದೀರಿ. ಸರಿ. ಕಲಿಯುವುದಕ್ಕೆ ನನ್ನ ಆಲ್ಟನ್ನೇ ಬೇಕಿತ್ತೆ?

ಜೂನ್‌ನ ಆ ಬೆಳಿಗ್ಗೆ ಅವನು ಇಲ್ಲಿಯ ದೋಣಿಕಟ್ಟೆಯಿಂದ ಫೋನ್ ಮಾಡಿದಾಗ ನಾನು ಅಲ್ಲಿ ನಮ್ಮ ಮನೆಯಲ್ಲಿ ನಿನಗೆ ಮೊಟ್ಟೆ ಹುರಿಯುತ್ತಿದ್ದೆ. ನೀನು ರಾತ್ರಿ ಪಾಳಿ ಮುಗಿಸಿ ಆಗಷ್ಟೇ ಬಂದಿದ್ದೆ, ಫೋನ್ ನೀನೇ ಎತ್ತಿದೆ. "ಧೈರ್ಯವಾಗಿ ಹೋಗಿ ಬಾರಯ್ಯ, ಮೇಲಿಂದ ನಾನೇ ನೋಡಿದೀನಿ. ಮೋಡ, ಮಂಜು ಏನೂ ಇಲ್ಲ" ಅಂದೆ. "ದೇವರ ಕೆಲಸ ನೀವೇ ವಹಿಸ್ಕೊಂಡ್ರಾ ಬಾವ? ಹಾಗಾದ್ರೆ ಲಾಬ್‌ಸ್ಟರ್ ಎಲ್ಲಿ ಅಡಗಿವೆ ಅದನ್ನೂ ಹೇಳ್ಬಿಡಿ" ಎಂದು ಅವನು ನಕ್ಕಿದ್ದು ಒಲೆಯ ಹತ್ತಿರ ನಿಂತ ನನಗೂ ಕೇಳಿಸಿತು. ನಾನೂ ನಕ್ಕೆ. ನಿನ್ನ ಬಗ್ಗೆ ಆಗ ನನಗೆ ಎಷ್ಟು ಹೆಮ್ಮೆ!

ಬಂದರಿನಲ್ಲಿ ಬಿಸಿಲಿತ್ತಂತೆ. ನಿನ್ನ ಮಾತು ನಂಬಿ ಅವನು ದೂರದ ಕಡಲಲ್ಲಿ ಇಳಿಬಿಟ್ಟ ಲಾಬ್‌ಸ್ಟರ್ ಹಿಡಿಯುವ ಬೋನುಗಳನ್ನು ಎತ್ತಲು ಹೋದ. ಅಲ್ಲಿ ಮಂಜು ಮುಸುಕಿತ್ತು. ದೋಣಿ ಬಂಡೆಗೆ ಬಡಿದು ಒಡೆಯಿತು. ಅವನ ದೇಹ ಸಿಗುವ ತನಕ ಅಮ್ಮ ದಡ ಬಿಟ್ಟು ಕದಲಲಿಲ್ಲ.

ನಿನ್ನ ಮೇಲೆ ಸಿಟ್ಟಿಲ್ಲ ಎಂದರೆ ಸುಳ್ಳು. ಪ್ರೀತಿಯಿಲ್ಲ ಎಂದರೂ ಸುಳ್ಳು. ನಿನ್ನ ಧ್ವನಿ ಕೇಳಿದರೆ ಸಾಕು, ಆ ಫೋನಿನ ಮಾತೇ ಕಿವಿಗೆ ಬರುತ್ತದೆ. ನಾನು ಮೇರಿಲ್ಯಾಂಡಿಗೆ ವಾಪಸ್ ಬರುವುದಿಲ್ಲ, ಮೆರಿಲ್.

ಆಲ್ಟನ್‌ನ ಸಮಾಧಿಗೆ ಕಲ್ಲು ನಿಲ್ಲಿಸುವ ಭಾನುವಾರ ಬರುತ್ತೇನೆ ಎಂದು ಬರೆದಿದ್ದೀಯ. ಬರಬೇಡ. ಮನೆ ತುಂಬ ನೆಂಟರು, ನಿನಗೆ ಮಲಗಲು ಜಾಗವಿಲ್ಲ. ಹೊತ್ತುಹೊತ್ತಿಗೆ ಊಟ ಮಾಡು.

ನಿನ್ನ
ಅರ್ಲೀನ್

ವಿ.ಸೂ.: ಜಾಗವಿಲ್ಲ ಎಂದದ್ದು ಸುಳ್ಳು. ಆ ಫೋನಿನ ವಿಷಯ ನಾನು ಅಮ್ಮನಿಗೆ ಹೇಳಿಯೇ ಇಲ್ಲ. "ಅಳಿಯ ಮಣ್ಣಿಗೂ ಬರ್ಲಿಲ್ವಲ್ಲೇ. ಪಾಪ, ಅವನಿಗೆ ಆಲ್ಟನ್ ಅಂದ್ರೆ ಪ್ರಾಣ, ಒಬ್ಬನೇ ಎಷ್ಟು ಅಳ್ತಿದಾನೋ" ಎಂದು ದಿನಾ ಹಲುಬುತ್ತಾಳೆ. ನೀನು ಬಂದರೆ ನಿನ್ನನ್ನು ತಬ್ಬಿಕೊಂಡು ಸಮಾಧಾನ ಮಾಡುತ್ತಾಳೆ. ಅದನ್ನು ನೋಡುತ್ತ ಬಾಯಿ ಮುಚ್ಚಿಕೊಂಡು ನಿಲ್ಲುವ ಶಕ್ತಿ ನನಗಿಲ್ಲ.