ನೀಲಾಳ ಪಾತ್ರ

ಹಾನಗಲ್ಲ
೧೧ ನವೆಂಬರ್ ೨೦೨೪

ನನ್ನ ಮುದ್ದು ಅಮ್ಮಾ,

ಮೊಣಕಾಲು ನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತೀಯೋ, ಬಾಟಲಿ ನೋಡುತ್ತಾ ಕೂತಿರುತ್ತೀಯೋ? ನಾನು ಕ್ಷೇಮ, ಎರಡು ಕಿಲೋ ಹೆಚ್ಚೇ ಕ್ಷೇಮ. ವಿಜಯೀಂದ್ರ ಬ್ಯಾಂಕಿನಿಂದ ಬಂದವನೇ ದಿನಾ ನನಗೆ ಚಹಾ ಮಾಡಿಕೊಡುತ್ತಾನೆ. ಮದುವೆಯಾಗಿ ಮೂರು ತಿಂಗಳಾದರೂ ನಿಲ್ಲಿಸಿಲ್ಲ, ನೋಡು.

ಈಗ ದೊಡ್ಡ ಸುದ್ದಿ: ನಿನ್ನ ಮಗಳು ನಟಿಯಾಗಿದ್ದಾಳೆ. ಮಾವನವರ ನಾಟಕ ತಂಡ ಗೊತ್ತಲ್ಲ, ವಕೀಲಿ ಬಿಟ್ಟ ಮೇಲೆ ಅವರಿಗೆ ಅದೇ ಪ್ರಪಂಚ. ಅದರಲ್ಲಿ ಮುಖ್ಯ ಪಾತ್ರ ಆರು ವರ್ಷದಿಂದ ನೀಲಾ ಎಂಬವಳದು. ಅಕ್ಕಿಆಲೂರಿನ ಅಕ್ಕಿ ಗಿರಣಿಯಲ್ಲಿ ದುಡಿಯುತ್ತಾಳೆ. ನಾಟಕವಿದ್ದ ದಿನ ಅವಳಿಗೆ ಅಲ್ಲಿಯ ಕೂಲಿ ಇಲ್ಲ. ತಂಡದಲ್ಲಂತೂ ಯಾರಿಗೂ ಏನೂ ಕೊಡುವುದಿಲ್ಲ, ಕೊನೆಗೆ ಒಂದು ಶಾಲು ಹೊದಿಸುತ್ತಾರೆ. ಉಳಿದವರೆಲ್ಲ ಮಾಸ್ತರರು, ವಕೀಲರು. ಅವರಿಗೆ ಶಾಲು ಸಾಕು. ದೀಪಾವಳಿ ಮುಗಿದ ಮೇಲೆ ನೀಲಾ ಅಂಗಳದಲ್ಲಿ ನಿಂತು, "ವಕೀಲ್ರ, ಗಿರಣ್ಯಾಗ ಹೋದ ದಿನದ ಕೂಲಿ ಆದ್ರೂ ಕೊಡ್ರಿ. ಮನ್ಯಾಗ ಏಳು ಶಾಲು ಅದಾವು, ಒಲಿ ಮ್ಯಾಲ ಇಡಾಕ ಬರಂಗಿಲ್ಲ" ಅಂದಳು. ಮಾವನವರು ನಕ್ಕು, "ಕಲೆಗೆ ಕೂಲಿ ಕೇಳ್ತಾರೇನ ನೀಲಾ?" ಅಂದರು. ಮರುದಿನ ಆ ಪಾತ್ರ ಮನೆಯ ಸೊಸೆಗೆ ಬಂತು. ನಾನು ಕುಣಿದುಬಿಟ್ಟೆ.

ಮಾತುಗಳನ್ನೆಲ್ಲ ಶಾಲೆಯ ಪದ್ಯದಂತೆ ಬಾಯಿಪಾಠ ಮಾಡಿಕೊಂಡೆ, ಕಾನ್ವೆಂಟಿಗೆ ಹಾಕಿದ್ದು ನೀನೇ. ನೀರಿನ ಕೊಡ ಹಿಡಿದು ಬರುವಾಗ ಗಂಡನ ಸಾವಿನ ಸುದ್ದಿ ಕೇಳಿದ ಹೆಂಗಸಿನ ಅಳು ನನ್ನ ಬಾಯಲ್ಲಿ ಹವಾಮಾನ ವರದಿಯಂತಿತ್ತು. ಕಲಿಸಲು ಮಾವನವರು ಯಾರನ್ನು ಕರೆಸಿದರು ಹೇಳು? ನೀಲಾಳನ್ನೇ. ಗಿರಣಿಯಿಂದ ಮೂರು ಸಂಜೆ ನೇರ ಬಂದಳು, ತಲೆಯಲ್ಲಿ ತೌಡಿನ ಧೂಳು. "ಅಕ್ಕಾರ, ಮೊದಲ ಆ ಕೊಡ ಕೆಳಗ ಇಡ್ರಿ. ಕೈಯಾಗ ಭಾರ ಹಿಡ್ಕೊಂಡು ಯಾರೂ ಅಳಂಗಿಲ್ಲ" ಅಂದಳು. ಮೊನ್ನೆ ಶಿಗ್ಗಾಂವಿಯಲ್ಲಿ ಕೊಡ ಕೆಳಗಿಟ್ಟೆ, ಮುಂದಿನ ಸಾಲಿನ ಹೆಂಗಸರು ಸೆರಗು ಕಣ್ಣಿಗೆ ಒತ್ತಿಕೊಂಡರು. ಚಪ್ಪಾಳೆ ನನಗೆ, ಶಾಲೂ ನನಗೆ. ಕಲಿಸಿದ್ದಕ್ಕೆ ನೀಲಾಳಿಗೆ ಏನು ಕೊಟ್ಟಿರಿ ಎಂದು ಕೇಳಿದರೆ ಅತ್ತೆ, "ಚಹಾ ಕುಡದ ಹೋದ್ಲಲ್ಲ" ಅಂದರು.

ಅಪ್ಪನಿಗೆ ನಮಸ್ಕಾರ ಹೇಳು. ನಿನಗೆ ಎರಡು ಮುತ್ತು, ಮೊಣಕಾಲಿಗೊಂದೊಂದು.

ನಿನ್ನ
ಪ್ರಿಯಂವದಾ

ತಾ.ಕ.: ಟಪಾಲಿನ ಹೊತ್ತಾಯಿತು, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಹಿರೇಕೆರೂರಿನ ಮುಂದಿನ ನಾಟಕಕ್ಕೆ ನಾನೂ ಕೂಲಿ ಕೇಳಿದ್ದೇನೆ, ನೀಲಾ ಕೇಳಿದಷ್ಟೇ. ಸೊಸೆಗೆ ಕೊಟ್ಟರೆ ಅವಳಿಗೆ ಇಲ್ಲವೆನ್ನಲಾಗದು. ಕೊಡದಿದ್ದರೆ ಆ ಪಾತ್ರ ನಾನು ಮಾಡುವುದಿಲ್ಲ. ಮಾವನವರು ಎರಡು ದಿನದಿಂದ ನನ್ನೊಡನೆ ಮಾತಾಡಿಲ್ಲ. ಭಾನುವಾರ ನನ್ನ ಮೇಲೆ ದೂರು ಹೇಳಲು ಸವಣೂರಿಗೆ, ನಿನ್ನ ಹತ್ತಿರವೇ ಬರುತ್ತಾರೆ. ಸಂಕೋಚಕ್ಕೆ "ನಮ್ಮ ಹುಡುಗಿಗೆ ಏನ ಕಡಿಮಿ ಆಗೇದರಿ" ಅಂದುಬಿಡಬೇಡ, ಆ ಒಂದು ಮಾತಿಗೆ ನೀಲಾಳಿಗೆ ಪಾತ್ರ ಮತ್ತೆ ಸಿಗದಂತಾಗುತ್ತದೆ. ಚಹಾ ಕೊಡು. ಅವರು ಕುಡಿದು ಮುಗಿಸಿದ ಮೇಲೆ, "ಹುಡುಗಿನ್ನ ಕೂಲಿ ಕೊಟ್ಟ ನಾಟಕಕ್ಕ ಕರಕೊಂಡ ಹೋಗ್ರಿ" ಅನ್ನು.