ಟೀ ಮಾಡಿದವನ ಮೆಡಲು

ಭಾನುವಾರ, ಮಧ್ಯಾಹ್ನದ ಊಟವಾದ ಮೇಲೆ

ನನ್ನ ಹಟಮಾರಿ ತಮ್ಮನಿಗೆ,

ಅಕ್ಕನ ಆಶೀರ್ವಾದ, ಜೊತೆಗೆ ತಲೆಯ ಮೇಲೊಂದು ಮೊಟಕು. ಆಶೀರ್ವಾದವನ್ನು ಈಗಲೇ ತಗೋ, ಮೊಟಕು ನೀನು ಎದುರಿಗೆ ಸಿಕ್ಕಾಗ.

ನಾನು ಆರಾಮವಾಗಿದ್ದೇನೆ. ಅಂಗಡಿಯೂ ನಡೆಯುತ್ತಿದೆ. ಹೊಲಿಗೆ ಮಿಷನ್ನಿಗೆ ಮಾತ್ರ ವಯಸ್ಸಾಯಿತು, ದಪ್ಪ ಬಟ್ಟೆ ಇಟ್ಟರೆ ಕೊಸರಾಡುತ್ತದೆ, ಎಣ್ಣೆ ಹಾಕಿ ಪೂಸಿ ಹೊಡೆದು ಕೆಲಸ ತೆಗೆಯಬೇಕು. ನಿನ್ನ ಕಾಗದ ಬಂತು. ಅದನ್ನು ಕಾಗದ ಅನ್ನುವುದಕ್ಕಿಂತ ತಂತಿ ಅನ್ನಬೇಕು, ನೀನು ಬರೆದದ್ದು ಇಷ್ಟೇ: ಬಸ್ ಡಿಪೋದಲ್ಲಿ ಬಸ್ಸು ತೊಳೆಯುವ ಕೆಲಸ ಒಗ್ಗಿದೆ, ಹೊಟ್ಟೆಗೆ ಸರಿಯಾಗಿ ತಿನ್ನುತ್ತಿದ್ದೇನೆ, ಯುದ್ಧದಲ್ಲಿ ಗಾಯಗೊಂಡವರಿಗೆ ಬರುವ ತಿಂಗಳು ಮೆಡಲು ಕೊಡುತ್ತಾರಂತೆ, ಆ ಸಮಾರಂಭಕ್ಕೆ ನಾನು ಬರುವುದಿಲ್ಲ, ನನ್ನ ಯೂನಿಫಾರ್ಮಿನ ಕೋಟನ್ನು ಯಾರಿಗಾದರೂ ಕೊಟ್ಟುಬಿಡು. ಆ ಮೆಡಲಿಗೆ ನಾನು ಯೋಗ್ಯನಲ್ಲ, ಯಾಕೆ ಅಂತ ಕೇಳಬೇಡ. ಅಲ್ಲಿಗೆ ಮುಗಿಯಿತು.

ಕೇಳಬೇಡ ಅಂತ ಯಾರಿಗೆ ಬರೆಯುತ್ತಿದ್ದೀಯ ಮಾರಾಯ? ಎದುರು ಮನೆಯವರು ಹಗಲು ಹೊತ್ತಿನಲ್ಲಿ ಕಿಟಕಿ ಮುಚ್ಚಿಕೊಂಡರೆ ಯಾಕೆ ಮುಚ್ಚಿಕೊಂಡರು ಅಂತ ತಿಳಿಯುವ ತನಕ ನನಗೆ ಊಟ ಸೇರುವುದಿಲ್ಲ. ಪತ್ತೇದಾರಿ ಅಂತ ನನಗೆ ಹೆಸರಿಟ್ಟವನೂ ನೀನೇ. ಅದಕ್ಕೇ ಕೇಳುತ್ತಾ ಹೊರಟೆ. ಏನೇನು ಸಿಕ್ಕಿತು ಅಂತ ಬರೆಯುತ್ತೇನೆ, ಕೂತುಕೊಂಡು ಓದು.

ಸೇನೆಯ ಗೇಟಿನ ಎದುರಿಗೇ ಟೈಲರ್ ಅಂಗಡಿ ಇಟ್ಟುಕೊಂಡ ಮೇಲೆ ಈಗ ನನಗೆ ಬರುವ ಕೆಲಸ ಏನು ಹೇಳು? ಕೋಟಿನ ಎಡಗಡೆ ಜೇಬಿನ ಮೇಲೆ ಮೆಡಲು ಕೂರಿಸುವುದು, ಬರುವ ತಿಂಗಳು ಸಿಗಬೇಕಾದವರಿಗೆ ಅದರ ಜಾಗ ಗುರುತು ಹಾಕಿಡುವುದು. ಹಿತ್ತಾಳೆ ಪಟ್ಟಿಗೆ ರಿಬ್ಬನ್ನು ಸುತ್ತಬೇಕು, ಹಿಂದುಗಡೆ ಗಟ್ಟಿ ಬಟ್ಟೆ ಕೊಡಬೇಕು, ಇಲ್ಲದಿದ್ದರೆ ಭಾರಕ್ಕೆ ಕೋಟು ಜೋತುಬೀಳುತ್ತದೆ. ಓಟದಲ್ಲಿ ಗೆದ್ದವರ ಮೆಡಲು, ಸೇವೆ ಮುಗಿಸಿದವರ ಮೆಡಲು, ಎಲ್ಲ ಬರುತ್ತವೆ. ಅವರೆಲ್ಲ ಕೋಟು ಹಾಕಿ ನೋಡುವಾಗ ಕನ್ನಡಿಯ ಮುಂದಿನಿಂದ ಕದಲುವುದೇ ಇಲ್ಲ. ಗಾಯದ ಮೆಡಲಿನವರು ಮಾತ್ರ ಬೇರೆ ಜಾತಿ. ಕನ್ನಡಿಯ ಕಡೆ ಬೆನ್ನು ಹಾಕಿ ನಿಲ್ಲುತ್ತಾರೆ. ಸರಿಯಾಗಿದೆಯಾ ಅಂತ ಕೇಳಿದರೆ ನೋಡದೆಯೇ ಸರಿಯಾಗಿದೆ ಅನ್ನುತ್ತಾರೆ. ಇದೇನು ವಿಚಿತ್ರ ಅಂತ ನನಗೆ ಕುತೂಹಲ ಹತ್ತಿತು.

ಬ್ಯಾಂಡಿನಲ್ಲಿ ಕಹಳೆ ಊದುವವರೊಬ್ಬರನ್ನು ಹಿಡಿದು ಕೂರಿಸಿ ಕೇಳಿದೆ. ಅಯ್ಯೋ ಬಿಡಮ್ಮ, ನಾನು ಶೇವಿಂಗ್ ಮಾಡ್ಕೊತಿದ್ದೆ, ಶೆಲ್ ಬಿತ್ತು, ಅರ್ಧ ಮುಖ ನೊರೆ ಇಟ್ಕೊಂಡೇ ಆಸ್ಪತ್ರೆಗೆ ಹೋದೆ, ಇದಕ್ಕೆ ಯಾರಾದ್ರೂ ಮೆಡಲು ಕೊಡ್ತಾರಾ ಅಂದರು. ನಿಜವಾದ ಗಾಯ ಅಂದರೆ ಅವರ ಅಡುಗೆಯವರದಂತೆ. ಆ ಅಡುಗೆಯವರೂ ಬಂದರು ಅನ್ನು. ದಪ್ಪ ಆಸಾಮಿ, ಅಳತೆ ಪಟ್ಟಿ ಸಾಲಲಿಲ್ಲ. ಅವರನ್ನು ಕೇಳಿದರೆ, ನಾನು ಹಿಟ್ಟಿನ ಮೂಟೆ ಹಿಂದೆ ಅವಿತ್ಕೊಂಡಿದ್ದೆ ಕಣಮ್ಮ, ಆದ್ರೂ ತಗಲ್ತು, ಮೆಡಲು ಕೊಡೋದಾದ್ರೆ ಆ ಕಹಳೆಯವನಿಗೆ ಕೊಡ್ಬೇಕು ಅಂದರು! ನಾನು ನಕ್ಕುಬಿಟ್ಟೆ. ಅವರಿಗೆ ಕೋಪ ಬಂತು. ಆಮೇಲೆ ನಗುವುದನ್ನು ಬಿಟ್ಟೆ, ಕೇಳುವುದನ್ನು ಬಿಡಲಿಲ್ಲ. ಇದುವರೆಗೆ ನನ್ನ ಅಂಗಡಿಗೆ ಬಂದ ಒಬ್ಬರೂ ಇದು ನನ್ನದು ಅಂತ ಹೇಳಿಲ್ಲ. ಎಲ್ಲರೂ ಪಕ್ಕದವನನ್ನು ತೋರಿಸುತ್ತಾರೆ, ಪಕ್ಕದವನು ಸತ್ತಿದ್ದರೆ ಅವನ ಹೆಸರು ಹೇಳಿ ಕೋಟು ಎತ್ತಿಕೊಂಡು ಹೊರಟುಬಿಡುತ್ತಾರೆ.

ಹಾಗಾದರೆ ಯೋಗ್ಯತೆ ಅಳೆಯುವವರು ಯಾರಪ್ಪ ಅಂತ ಗೇಟಿನ ಒಳಗೆ ಹೋಗಿ ಆಫೀಸಿನ ಗುಮಾಸ್ತರನ್ನೇ ಕೇಳಿದೆ. ನೀನು ತಲೆ ಚಚ್ಚಿಕೊಳ್ಳುವುದು ನನಗೆ ಇಲ್ಲಿಗೇ ಕೇಳಿಸುತ್ತಿದೆ. ಅವರು ಕನ್ನಡಕ ಮೇಲೆತ್ತಿ ನನ್ನನ್ನು ನೋಡಿದರು. ಅಮ್ಮಾ, ಶತ್ರುವಿನ ಕೈಯಿಂದ ಗಾಯ ಆಯ್ತಾ, ಡಾಕ್ಟರು ನೋಡಿದ್ರಾ, ನಾವು ಕೇಳೋದು ಅಷ್ಟೇ, ಮಿಕ್ಕಿದ್ದು ನಮಗೆ ಸಂಬಂಧ ಇಲ್ಲ ಅಂದರು. ಆಸ್ಪತ್ರೆಯಲ್ಲಿ ನಿನ್ನ ಭುಜದಿಂದ ತೆಗೆದ ಬಾಂಬಿನ ಚೂರು ನಮ್ಮವರದಂತೂ ಅಲ್ಲವಲ್ಲ. ಅಲ್ಲಿಗೆ ಆಫೀಸಿನ ಮಟ್ಟಿಗೆ ನಿನ್ನ ವಿಷಯ ಇತ್ಯರ್ಥ.

ಆದರೆ ನನ್ನ ಮಟ್ಟಿಗೆ ಆಗಲಿಲ್ಲ. ಬೇರೆಯವರು ನಾಚಿಕೊಂಡು ಬೆನ್ನು ಹಾಕುತ್ತಾರೆ, ನೀನು ಊರೇ ಬಿಟ್ಟು ಹೋದೆ. ಸ್ಟೀರಿಂಗ್ ಅಂದರೆ ಪ್ರಾಣ ಬಿಡುತ್ತಿದ್ದವನು ಈಗ ಬಸ್ಸಿಗೆ ಹೊರಗಿನಿಂದ ನೀರು ಹೊಡೆಯುತ್ತೀಯ, ಒಳಗೆ ಹತ್ತುವುದಿಲ್ಲ. ಇದರ ಹಿಂದೆ ಬೇರೆ ಏನೋ ಇದೆ ಅಂತ ನನಗೆ ಆಗಲೇ ವಾಸನೆ ಬಡಿದಿತ್ತು. ಆಸ್ಪತ್ರೆಯಲ್ಲಿ ಜ್ವರ ಏರಿದಾಗ ನೀನು ಕೆಟ್ಲು, ಕೆಟ್ಲು ಅಂತ ಕನವರಿಸುತ್ತಿದ್ದೆ. ಬಾಯಾರಿಕೆ ಅಂದುಕೊಂಡು ನಾನು ನೀರು ಕುಡಿಸಿದ್ದೇ ಕುಡಿಸಿದ್ದು. ಎಂಥ ದಡ್ಡಿ ನೋಡು.

ಕೆಟ್ಲಿನ ಕಥೆ ಗೊತ್ತಾಗಿದ್ದು ಹೋದ ವಾರ. ಬಾಗಿಲಲ್ಲಿ ಎತ್ತರದ ಒಬ್ಬರು ಬಂದು ನಿಂತರು. ಅಂಗಿಯ ಬಲಗಡೆಯ ತೋಳು ಖಾಲಿ, ಮಡಚಿ ಜೇಬಿಗೆ ಸಿಕ್ಕಿಸಿಕೊಂಡಿದ್ದರು. ಒಳಗೆ ಬಂದವರು ನನ್ನ ಮಾತನ್ನು ಸ್ವಲ್ಪ ಹೊತ್ತು ಕೇಳಿಸಿಕೊಂಡು, ಅಂಗಡಿ ಇದೇ, ಅನುಮಾನ ಇಲ್ಲ ಅಂದರು. ಒಂದೊಂದು ಟ್ರಿಪ್ಪಿನಲ್ಲೂ ನೀನು ನನ್ನ ಬಾಯಿಯ ಬಗ್ಗೆ ಏನೇನು ವರ್ಣನೆ ಮಾಡಿದ್ದೀಯೋ, ಅದನ್ನು ಆಮೇಲೆ ವಿಚಾರಿಸಿಕೊಳ್ಳುತ್ತೇನೆ. ಅವರು ಯಾರು ಅಂತ ನಿನಗೆ ಈಗಾಗಲೇ ಗೊತ್ತಾಗಿದೆ. ಹೌದು, ನಿನ್ನ ಡ್ರೈವರಣ್ಣ. ನಿನ್ನ ಪಡೆಯ ವಿಳಾಸಕ್ಕೆ ಕಾಗದದ ಮೇಲೆ ಕಾಗದ ಬರೆಸಿದರಂತೆ, ನಿನ್ನಿಂದ ಉತ್ತರ ಇಲ್ಲ. ಅದಕ್ಕೇ ಹುಡುಕಿಕೊಂಡು ಬಂದಿದ್ದರು.

ನಾನು ಸುಮ್ಮನಿರುತ್ತೇನಾ? ಕೂರಿಸಿ ಕೇಳಿದೆ. ಸಾಮಾನಿನ ಟ್ರಕ್ಕಿನಲ್ಲಿ ನೀವಿಬ್ಬರೂ ಡ್ರೈವರುಗಳು. ನಿಲ್ಲಿಸಿದಲ್ಲೆಲ್ಲ ಒಬ್ಬ ಟೀ ಮಾಡಬೇಕು, ಟೀ ಮಾಡಿದವನಿಗೆ ಮುಂದಿನ ದಾರಿಯಲ್ಲಿ ವಿಶ್ರಾಂತಿ, ಇನ್ನೊಬ್ಬ ಗಾಡಿ ಓಡಿಸಬೇಕು. ನಿಮ್ಮ ಟ್ರಕ್ಕುಗಳ ಕಾನೂನು ಅದು. ಆ ದಿನ ಬೆಳಗ್ಗೆ ಟೀ ಸರದಿ ಅವರದು, ಕೆಟ್ಲು ಹಿಡಿದವನು ನೀನು. ಹಾಗಾಗಿ ಸ್ಟೀರಿಂಗ್ ಅವರ ಕೈಗೆ ಹೋಯಿತು. ನೆಲಬಾಂಬು ಸಿಡಿದದ್ದು ಡ್ರೈವರ್ ಕೂರುವ ಕಡೆಯ ಚಕ್ರದ ಕೆಳಗೆ.

ಅವರು ಇಷ್ಟು ಹೇಳಿದಾಗ ನನಗೆ ಎಲ್ಲ ಹೊಳೆಯಿತು. ನಿದ್ದೆ ಸಾಲದೆ, ಗಾಡಿ ಓಡಿಸಲು ಬೇಜಾರಾಗಿ, ಕೆಟ್ಲು ಕಿತ್ತುಕೊಂಡೆ ತಾನೇ? ಹೋಗಬೇಕಾಗಿದ್ದದ್ದು ನನ್ನ ಕೈ ಅಂತ ಕೊರಗುತ್ತಿದ್ದೀಯ ತಾನೇ? ನಾನು ಅದನ್ನು ಅವರಿಗೆ ಹೇಳಿಯೂಬಿಟ್ಟೆ. ಅವರು ನಗಲು ಶುರುಮಾಡಿದರು. ಅವನು ಕಿತ್ಕೊಳ್ಳೋದೇನು, ನಾನೇ ಕೆಟ್ಲು ಅವನ ಕಣ್ಣೆದುರಿಗೆ ಇಟ್ಟು ಬೀಡಿ ಹಚ್ಕೊಂಡು ಕೂತೆ, ಮುಂದೆ ಇಳಿಜಾರಿತ್ತು, ನಿಮ್ಮ ತಮ್ಮ ಇಳಿಜಾರಲ್ಲಿ ಬ್ರೇಕ್ ಮೇಲೆ ಹತ್ತಿ ಕೂತ್ಕೊಂಡು ಗಾಡಿ ಸುಡ್ತಾನೆ, ನನಗೆ ಹೊಟ್ಟೆ ಉರೀತದೆ ಅಂದರು. ಇದು ನಿಜವೋ, ನನ್ನ ಸಮಾಧಾನಕ್ಕೆ ಕಟ್ಟಿದ ಮಾತೋ, ನನಗೆ ಗೊತ್ತಿಲ್ಲ. ಎರಡೆರಡು ಸಲ ಮುಖ ನೋಡಿದೆ, ಪತ್ತೆಯಾಗಲಿಲ್ಲ. ನೀನು ಬ್ರೇಕ್ ತುಳಿಯುವುದಂತೂ ನಿಜ.

ಆಮೇಲೆ ಅವರು ಚೀಲದಿಂದ ಒಂದು ಬೆಲ್ಟು ತೆಗೆದು ನಾನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಇಟ್ಟರು. ಸೇನೆಯ ದಪ್ಪ ನೂಲಿನ ಬೆಲ್ಟು, ಉದ್ದಕ್ಕೂ ಕಂದು ಕಲೆ. ಆಸ್ಪತ್ರೆಗೆ ತಂದಾಗ ಅದು ಅವರ ತೋಳಿಗೆ ಬಿಗಿದಿತ್ತಂತೆ. ಕಟ್ಟಿದವರು ಯಾರೋ ಸರಿಯಾದ ಹೊತ್ತಿಗೆ ಕಟ್ಟಿದ್ದಾರೆ, ಇಲ್ಲದಿದ್ದರೆ ನೀನು ದಾರಿಯಲ್ಲೇ ಮುಗಿದುಹೋಗುತ್ತಿದ್ದೆ ಅಂತ ಡಾಕ್ಟರು ಅವರಿಗೆ ಹೇಳಿದರಂತೆ. ಸೇನೆಯಲ್ಲಿ ಎಲ್ಲರ ಬೆಲ್ಟೂ ಒಂದೇ ಥರ, ಇದು ನಿಮ್ಮ ತಮ್ಮನದಾ ಅಂತ ನನ್ನನ್ನು ಕೇಳಿದರು.

ತಿರುಗಿಸಿ ನೋಡಿದೆ. ನೀನು ತರಬೇತಿಯಲ್ಲಿ ಒಣಗಿ ಕಡ್ಡಿಯಾಗಿ ಬಂದಿದ್ದೆಯಲ್ಲ, ಆಗ ನಾನೇ ಬೆಲ್ಟು ಮಡಚಿ ಗಿಡ್ಡ ಮಾಡಿಕೊಟ್ಟಿದ್ದೆ. ಖಾಕಿ ದಾರ ಮುಗಿದಿತ್ತು ಅಂತ ನೀಲಿ ದಾರದಲ್ಲಿ ಹೊಲಿದದ್ದಕ್ಕೆ ನೀನು ಮೂತಿ ಊದಿಸಿಕೊಂಡಿದ್ದೆ. ನನ್ನ ನೀಲಿ ಹೊಲಿಗೆ ಅಲ್ಲೇ ಇತ್ತು, ಒಂದು ಎಳೆಯೂ ಬಿಟ್ಟಿರಲಿಲ್ಲ. ನನಗೆ ಅಳು ಬಂತು ಕಣೋ. ಗಿರಾಕಿಗಳ ಮುಂದೆ ಎಂದೂ ಅಳದವಳು ಗಳಗಳ ಅತ್ತೆ.

ನೀನು ಆಸ್ಪತ್ರೆಯಲ್ಲಿ ನನಗೆ ಏನು ಹೇಳಿದ್ದೆ? ಬೆಲ್ಟು ಸ್ಫೋಟದಲ್ಲಿ ಕಳೆದುಹೋಯಿತು, ನಾನು ರಸ್ತೆ ಪಕ್ಕ ಕಲ್ಲಿನ ಹಾಗೆ ಕೂತಿದ್ದೆ, ಏನೂ ಮಾಡಲಿಲ್ಲ ಅಂತ. ಸುಳ್ಳು ಹೇಳಿದೆಯಾ, ಇಲ್ಲ ನಿನಗೇ ನೆನಪಿಲ್ಲವಾ? ಇದು ಬೈಗುಳ ಅಲ್ಲ, ನಿಜವಾಗಿ ತಿಳಿಯಬೇಕು ಅಂತ ಕೇಳುತ್ತಿದ್ದೇನೆ. ಭುಜದೊಳಗೆ ಕಬ್ಬಿಣದ ಚೂರು ಇಟ್ಟುಕೊಂಡು ಒಂದೇ ಕೈಯಲ್ಲಿ ಅಷ್ಟು ಬಿಗಿಯಾಗಿ ಹೇಗೆ ಎಳೆದೆ? ಬೆಲ್ಟಿನ ತುದಿಯಲ್ಲಿ ಹಲ್ಲಿನ ಗುರುತಿನಂಥ ಕಚ್ಚುಗಳಿವೆ. ಕಚ್ಚಿ ಎಳೆದೆಯಾ? ನಾನು ಕಚ್ಚಿ ನೋಡಿದೆ. ಆ ನೂಲು ಸುಲಭಕ್ಕೆ ಬಗ್ಗುವಂಥದ್ದಲ್ಲ.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ಡ್ರೈವರಣ್ಣನಿಗೆ ನಿನ್ನ ಮೆಡಲಿನ ಚಿಂತೆ ಇಲ್ಲ, ತಮ್ಮದರ ಚಿಂತೆಯೂ ಇಲ್ಲ. ಅವರಿಗೆ ಬೇಕಾಗಿರುವುದು ಬೇರೆ. ಬಾಂಬಿನ ಸದ್ದು ನೆನಪಿದೆ, ಆಮೇಲೆ ಆಸ್ಪತ್ರೆಯ ಸೂರು ನೆನಪಿದೆ, ನಡುವೆ ಏನೂ ಇಲ್ಲ. ಆಗ ಎಚ್ಚರ ಇತ್ತಾ, ಕಿರುಚಿದೆನಾ, ಅಮ್ಮನ್ನ ಕರೆದೆನಾ ಅಂತ ದಿನಾ ತಮ್ಮನ್ನು ತಾವೇ ಕೇಳಿಕೊಳ್ಳುತ್ತಾರಂತೆ. ಒಂದು ಮಾತನ್ನು ತುಂಬ ಮೆಲ್ಲಗೆ ಕೇಳಿದರು, ನಾನು ಮಿಷನ್ನು ನಿಲ್ಲಿಸಬೇಕಾಯಿತು. ನಾನು ಅವನಿಗೆ ಏನಾದ್ರೂ ಬೈದೆನಾ, ನಿನ್ನಿಂದ್ಲೇ ಹೀಗಾಯ್ತು ಅಂತ ಅಂದೆನಾ, ಅದಕ್ಕೇ ಅವನು ಮುಖ ತೋರಿಸ್ತಿಲ್ವಾ ಅಂತ.

ಯೋಚನೆ ಮಾಡು. ನೀನು ಅವರ ಕೈ ತೆಗೆದವನು ನಾನೇ ಅಂತ ಅಲ್ಲಿ ಬಚ್ಚಿಟ್ಟುಕೊಂಡಿದ್ದೀಯ. ಅವರು ನಿನ್ನ ಮನಸ್ಸು ಮುರಿದವನು ನಾನೇ ಅಂತ ಇಲ್ಲಿ ಒದ್ದಾಡುತ್ತಿದ್ದಾರೆ. ಮಧ್ಯದಲ್ಲಿ ನಾನು, ಏನೂ ಗೊತ್ತಿಲ್ಲದವಳು. ಆ ರಸ್ತೆಯ ಮೇಲೆ ಏನಾಯಿತು ಅಂತ ಹೇಳಬಲ್ಲವನು ಭೂಮಿಯ ಮೇಲೆ ನೀನೊಬ್ಬನೇ. ಅವರ ಬದುಕಿನ ಒಂದು ತುಂಡು ನಿನ್ನ ಹತ್ತಿರ ಉಳಿದುಬಿಟ್ಟಿದೆ, ಅದನ್ನು ಕೊಡದೆ ನೀನು ಬಸ್ಸು ತೊಳೆಯುತ್ತಿದ್ದೀಯ. ನನಗೆ ನಿನ್ನ ಮೇಲೆ ಸಿಟ್ಟು ಇದ್ದರೆ ಇದಕ್ಕೆ ಮಾತ್ರ.

ಮೆಡಲು ತಗೋ, ಬಿಡು, ನಿನ್ನಿಷ್ಟ. ಚರ್ಮ ಹರಿದದ್ದಕ್ಕೆ ಕೊಡುತ್ತಾರಂತೆ, ನಿನ್ನ ಚರ್ಮ ಹರಿದಿದೆ. ಬೆಲ್ಟು ಕಟ್ಟಿದ್ದಕ್ಕೆ ಯಾವ ಆಫೀಸೂ ಏನೂ ಕೊಡುವುದಿಲ್ಲ, ಗುಮಾಸ್ತರನ್ನು ಅದನ್ನೂ ಕೇಳಿ ಆಗಿದೆ. ಆದರೆ ಡ್ರೈವರಣ್ಣನಿಗೆ ಎದುರು ಕೂತು ನಡೆದದ್ದನ್ನು ನಡೆದ ಹಾಗೆ ಹೇಳು. ಬೈದಿದ್ದರೆ ಬೈದರು ಅಂತಲೇ ಹೇಳು. ಅವರು ತಡೆದುಕೊಳ್ಳುತ್ತಾರೆ, ಗಟ್ಟಿ ಮನುಷ್ಯ. ಹೇಳುವಾಗ ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುವುದಿಲ್ಲ ಅಂತ ಆಣೆ ಮಾಡಲಾರೆ.

ನಿನ್ನ ಕೋಟನ್ನು ಯಾರಿಗೂ ಕೊಟ್ಟಿಲ್ಲ. ನೀರು ಹೊಡೆದೂ ಹೊಡೆದೂ ಭುಜ ಅಗಲವಾಗಿರುತ್ತದೆ ಅಂತ ಹೊಲಿಗೆ ಬಿಚ್ಚಿ ಸ್ವಲ್ಪ ಸಡಿಲ ಮಾಡಿಟ್ಟಿದ್ದೇನೆ. ಜೇಬಿನ ಮೇಲೆ ಏನೂ ಗುರುತು ಹಾಕಿಲ್ಲ. ವೇಳೆಗೆ ಸರಿಯಾಗಿ ಉಣ್ಣು, ಒದ್ದೆ ಬೂಟಿನಲ್ಲಿ ದಿನವಿಡೀ ನಿಲ್ಲಬೇಡ.

ಇತಿ,
ಉತ್ತರ ಸಿಗುವ ತನಕ ಊಟ ಸೇರದ
ನಿನ್ನ ಪತ್ತೇದಾರಿ ಅಕ್ಕ

ತಾ.ಕ.: ಲಕೋಟೆಯ ಮೇಲಿನ ಅಂಕುಡೊಂಕು ಅಕ್ಷರ ನೋಡಿ ಯಾವ ಮಗು ಬರೆದದ್ದು ಅಂದುಕೊಂಡೆಯಾ? ಡ್ರೈವರಣ್ಣ ಎಡಗೈಯಲ್ಲಿ ಬರೆಯುವುದನ್ನು ಕಲಿಯುತ್ತಿದ್ದಾರೆ. ಮೂರ್ನಾಲ್ಕು ಲಕೋಟೆ ಹಾಳಾದವು, ನಾನು ನೋಡದವಳ ಹಾಗೆ ಅವರ ಅಂಗಿಗಳ ಗುಂಡಿ ಬಿಚ್ಚಿ ಒಂದೇ ಕೈಯಲ್ಲಿ ಹಾಕಿಕೊಳ್ಳಲು ಬರುವ ಟಿಚ್ ಬಟನ್ ಹಾಕುತ್ತಿದ್ದೆ. ಹೌದು, ವಿಳಾಸ ಯಾರಿಗೂ ಕೊಡಬೇಡ ಅಂತ ನೀನು ಕಟ್ಟಪ್ಪಣೆ ಮಾಡಿದ್ದೆ. ಕೊಟ್ಟುಬಿಟ್ಟೆ. ಶನಿವಾರ ಬೆಳಗಿನ ಬಸ್ಸಿಗೆ ಅವರು ನಿನ್ನ ಹತ್ತಿರ ಹೊರಡುತ್ತಿದ್ದಾರೆ. ಈ ಕಾಗದ ಅದಕ್ಕೂ ಮುಂಚೆ ನಿನಗೆ ತಲುಪಲಿ ಅಂತ ಹೇಳಿದವರೂ ಅವರೇ. ಇಷ್ಟ ಇಲ್ದಿದ್ರೆ ಅವನಿಗೆ ತಪ್ಪಿಸ್ಕೊಳ್ಳೋಕೆ ಹೊತ್ತು ಇರಲಿ, ಬಾಗಿಲಿಗೆ ಬೀಗ ಇದ್ರೆ ನಾನು ಆ ದಿನ ಏನಂದಿದ್ದೆ ಅಂತ ನನಗೆ ಗೊತ್ತಾಗ್ತದೆ, ಸುಮ್ಮನೆ ವಾಪಸ್ ಬರ್ತೀನಿ ಅಂದರು. ಮನೆಯಲ್ಲಿರು ಕಣೋ.